ಕೂಸು ಹುಟ್ಟುವ ಮುಂಚೆ ಕುಲಾವಿ: ವಿನೋದೋದ್ಯಾನಗಳ ಘೋಷಣೆಯೂ ವಿಳಂಬವೂ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾದುದು. ಸಂಸಾರದಲ್ಲಿ ಇಂಥ ಅವಸರವನ್ನು ಕಂಡು ನಗುವುದುಂಟು. ಆದರೆ ಕೋಟ್ಯಂತರ ರೂಪಾಯಿಗಳ ಬಂಡವಾಳದಿಂದ ನಡೆಯುವ ಒಂದು ಉದ್ಯಮವು ಬುದ್ಧಿಪೂರ್ವಕವಾಗಿಯೇ ಮೊದಲು ಕುಲಾವಿಯನ್ನು ಹೊಲಿಸಿ, ಊರಿಗೆಲ್ಲ ತೋರಿಸಿ, ಆಮೇಲೆ ಕೂಸಿನ ವಿಚಾರಕ್ಕೆ ತೊಡಗುತ್ತದೆ. ಅದು ವಿನೋದೋದ್ಯಾನಗಳ, ಎಂದರೆ ಥೀಮ್ ಪಾರ್ಕುಗಳ ಉದ್ಯಮ. 1984ರಲ್ಲಿ ದೆಹಲಿಯಲ್ಲಿ ಅಪ್ಪು ಘರ್, 1989ರಲ್ಲಿ ಮುಂಬಯಿಯ ಗೊರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ತೆರೆದ ದಿನಗಳಿಂದ ಈ ಬಗೆಯ ಉದ್ಯಾನಗಳು ಭಾರತೀಯರಿಗೂ ಪರಿಚಿತವಾಗಿವೆ. ಆದರೆ ಈ ಉದ್ಯಮದ ತವರುಮನೆ ಅಮೆರಿಕ. ಘೋಷಣೆ ಮತ್ತು ವಿಳಂಬಗಳ ಕಥೆಯೂ ಅಲ್ಲಿಂದಲೇ ಆರಂಭವಾಗುತ್ತದೆ.

ಕ್ಯಾಲಿಫೋರ್ನಿಯಾ ರಾಜ್ಯದ ಅನಹೈಮ್ ಪಟ್ಟಣದ ಡಿಸ್ನಿಲ್ಯಾಂಡಿನಲ್ಲಿ 1961ರಲ್ಲಿ ಸಂದರ್ಶಕರಿಗೆ ಒಂದು ಕರಪತ್ರವನ್ನು ಹಂಚಲಾಯಿತು. ಭೂತಗಳು ವಾಸಿಸುವ ಒಂದು ಬಂಗಲೆಯನ್ನು 1963ರಲ್ಲಿ ತೆರೆಯಲಾಗುವುದೆಂದು ಅದರಲ್ಲಿ ತಿಳಿಸಲಾಗಿತ್ತು. ಹೇಳಿದಂತೆ 1963ರಲ್ಲಿ ಬಂಗಲೆಯ ಹೊರಕಟ್ಟಡ ಪೂರ್ಣಗೊಂಡಿತು. ಬಿಳಿಯ ಕಂಬಗಳು, ಕಬ್ಬಿಣದ ಹೂಬಳ್ಳಿಯ ಕಟಕಟೆ, ಅಚ್ಚುಕಟ್ಟಾದ ಅಂಗಳ, ಎಲ್ಲವೂ ಸಿದ್ಧವಾದವು. ಬಾಗಿಲು ಮಾತ್ರ ತೆರೆಯಲಿಲ್ಲ. ನಿವೃತ್ತರಾಗಬಯಸುವ ಭೂತಗಳು ವಾಸಕ್ಕಾಗಿ ಅರ್ಜಿ ಹಾಕಿಕೊಳ್ಳಬಹುದೆಂಬ ಅರ್ಥದ ವಿನೋದದ ಫಲಕವೊಂದನ್ನು ಗೇಟಿಗೆ ತೂಗುಹಾಕಲಾಯಿತು. ಮಕ್ಕಳು ಪ್ರತಿವರ್ಷವೂ ಬಂದು ಆ ಫಲಕವನ್ನು ಓದಿ ಹಿಂದಿರುಗಿದರು. ಬಾಗಿಲು ತೆರೆದುದು 1969ರ ಆಗಸ್ಟ್ ತಿಂಗಳಲ್ಲಿ. ಫಲಕವನ್ನು ಎಂಟನೆಯ ವಯಸ್ಸಿನಲ್ಲಿ ಓದಿದ ಬಾಲಕ ಒಳಹೊಕ್ಕಾಗ ಹದಿನಾಲ್ಕರ ಹುಡುಗನಾಗಿದ್ದನು.

ಇದು ಒಂದು ಸಂಸ್ಥೆಯ ಅಥವಾ ಒಂದು ಬಂಗಲೆಯ ಕಥೆ ಮಾತ್ರವಲ್ಲ. ಘೋಷಿಸಿದ ಆಕರ್ಷಣೆಗಳು ವರ್ಷಗಟ್ಟಲೆ ತಡವಾಗುವುದೂ, ಕೆಲವು ಸದ್ದಿಲ್ಲದೆ ಮರೆಯಾಗುವುದೂ ಈ ಉದ್ಯಮದಲ್ಲಿ ಸಾಮಾನ್ಯ ಸಂಗತಿ. ಇದನ್ನು ಕೇವಲ ಮೋಸವೆಂದು ತಳ್ಳಿಹಾಕುವುದು ಸುಲಭ. ಅಮಾಯಕವಾದ ಆಕಸ್ಮಿಕವೆಂದು ಒಪ್ಪಿಕೊಳ್ಳುವುದೂ ಸುಲಭವೇ. ನಿಜಸ್ಥಿತಿ ಇವೆರಡರ ನಡುವೆ ಇದೆ. ಅದನ್ನು ಅರಿಯಬೇಕಾದರೆ ಈ ಉದ್ಯಮದ ಜಮಾಖರ್ಚನ್ನು ಸ್ವಲ್ಪ ತೆರೆದು ನೋಡಬೇಕಾಗುತ್ತದೆ.

ಉದ್ಯಮದ ಸ್ವರೂಪ

ವಿನೋದೋದ್ಯಾನವು ಮೂಲತಃ ಸ್ಥಿರ ವೆಚ್ಚಗಳ ವ್ಯಾಪಾರ. ಭೂಮಿ, ಕಟ್ಟಡ, ಯಂತ್ರ, ವಿದ್ಯುತ್ತು, ತೋಟಗಾರಿಕೆ, ಸುರಕ್ಷಾ ತಪಾಸಣೆ, ಸಿಬ್ಬಂದಿಯ ಸಂಬಳ, ಇವೆಲ್ಲವೂ ಹತ್ತು ಸಾವಿರ ಜನ ಬಂದರೂ ಮೂವತ್ತು ಸಾವಿರ ಜನ ಬಂದರೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ಒಂದು ಮಿತಿಯನ್ನು ದಾಟಿದ ಮೇಲೆ ಬರುವ ಪ್ರತಿಯೊಬ್ಬ ಸಂದರ್ಶಕನ ಹಣದಲ್ಲಿ ಬಹುಭಾಗ ಲಾಭವಾಗಿ ಉಳಿಯುತ್ತದೆ; ಆ ಮಿತಿಗಿಂತ ಕಡಿಮೆಯಾದರೆ ನಷ್ಟವೂ ಅಷ್ಟೇ ವೇಗವಾಗಿ ಬೆಳೆಯುತ್ತದೆ. ಇಂದು ಮಾರಾಟವಾಗದೆ ಉಳಿದ ಟಿಕೇಟನ್ನು ಉಗ್ರಾಣದಲ್ಲಿಟ್ಟು ನಾಳೆ ಮಾರುವಂತಿಲ್ಲ. ಕಳೆದ ದಿನ ಕಳೆದಂತೆಯೇ.

ಇನ್ನೊಂದು ವಿಶೇಷವೆಂದರೆ ಈ ವ್ಯಾಪಾರದ ಸರಕಿಗೆ ಹೊಸತನವೇ ಜೀವಾಳ. ಬಟ್ಟೆಯಂಗಡಿಗೆ ಗಿರಾಕಿ ಮತ್ತೆ ಬರುವುದು ಹಳೆಯ ಬಟ್ಟೆ ಹರಿದುದರಿಂದ. ಉದ್ಯಾನಕ್ಕೆ ಆತ ಮತ್ತೆ ಬರಬೇಕಾದರೆ ಅಲ್ಲಿ ಹಿಂದೆ ನೋಡದಿದ್ದುದೇನಾದರೂ ಇರಬೇಕು. ಆದುದರಿಂದ ಉದ್ಯಾನದ ಒಡೆತನವೆಂದರೆ ಎಂದೂ ಮುಗಿಯದ ಮನೆ ಕಟ್ಟುವ ಕೆಲಸ. ಡಿಸ್ನಿಲ್ಯಾಂಡಿನ ಸಂಸ್ಥಾಪಕ ವಾಲ್ಟ್ ಡಿಸ್ನಿಯೂ ತನ್ನ ಉದ್ಯಾನ ಎಂದಿಗೂ ಪೂರ್ಣಗೊಳ್ಳುವುದಿಲ್ಲವೆಂದು ಹೆಮ್ಮೆಯಿಂದಲೇ ಹೇಳುತ್ತಿದ್ದನು. ಅದು ಕಲಾವಿದನ ಉತ್ಸಾಹದ ಮಾತು. ಲೆಕ್ಕಪತ್ರದ ಭಾಷೆಯಲ್ಲಿ ಅದರ ಅರ್ಥ ಇಷ್ಟೇ: ಬಂಡವಾಳ ವೆಚ್ಚಕ್ಕೆ ಕೊನೆಯಿಲ್ಲ.

ಘೋಷಣೆ ಮುಂಚಿತವಾಗಿ ಏಕೆ?

ಘೋಷಣೆಗೆ ತಗಲುವ ವೆಚ್ಚ ಅತ್ಯಲ್ಪ. ಬಣ್ಣದ ಒಂದು ಚಿತ್ರ, ಮರದ ಒಂದು ಮಾದರಿ, ಪತ್ರಕರ್ತರಿಗೆ ಒಂದು ಚಹಾಕೂಟ ಸಾಕು. ಆದರೆ ಅದರಿಂದ ಲಭಿಸುವ ಪ್ರಯೋಜನಗಳು ಹಲವು.

ಮೊದಲನೆಯದು ಬಂಡವಾಳ ಸಂಗ್ರಹ. ಡಿಸ್ನಿಲ್ಯಾಂಡ್ ಹುಟ್ಟಿದ್ದೇ ಹೀಗೆ. ಕಲ್ಪನೆಗೆ ಹಣ ಕೊಡಲು ಸಾಹುಕಾರರು ಹಿಂಜರಿದಾಗ, ಅಮೆರಿಕನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯೆಂಬ ದೂರದರ್ಶನ ಸಂಸ್ಥೆಯು 5 ಲಕ್ಷ ಡಾಲರ್ ಹೂಡಿ, 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತು, ಮೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚಿನ ಪಾಲನ್ನು ಪಡೆಯಿತು. ಪ್ರತಿಯಾಗಿ ಡಿಸ್ನಿಯು ಅದಕ್ಕೆ ವಾರಕ್ಕೊಂದು ಕಾರ್ಯಕ್ರಮವನ್ನು ತಯಾರಿಸಿಕೊಡಬೇಕಾಗಿತ್ತು. 1954ರ ಅಕ್ಟೋಬರಿನಲ್ಲಿ ಆರಂಭವಾದ ಆ ಕಾರ್ಯಕ್ರಮದ ಹೆಸರೂ ಡಿಸ್ನಿಲ್ಯಾಂಡ್. ಹೀಗಾಗಿ 1955ರ ಜುಲೈ 17ರಂದು ಉದ್ಯಾನ ತೆರೆಯುವುದಕ್ಕೆ ತಿಂಗಳುಗಳ ಮುಂಚೆಯೇ ದೇಶದ ಮಕ್ಕಳೆಲ್ಲ ಅದನ್ನು ಮನೆಯಲ್ಲಿ ಕುಳಿತು ಕಂಡಾಗಿತ್ತು. ಘೋಷಣೆಯೇ ಬಂಡವಾಳವನ್ನು ತಂದಿತು. ಬಂಡವಾಳವು ಘೋಷಣೆಯನ್ನು ನಿಜವಾಗಿಸಿತು.

ಎರಡನೆಯದು ಸರಕಾರದ ಒಪ್ಪಿಗೆ. 1965ರಲ್ಲಿ ಡಿಸ್ನಿ ಸಂಸ್ಥೆಯು ಫ್ಲೋರಿಡಾ ರಾಜ್ಯದಲ್ಲಿ 27,000 ಎಕರೆಗೂ ಮಿಕ್ಕಿದ ಭೂಮಿಯನ್ನು ಕೊಂಡಿರುವುದು ಬಹಿರಂಗವಾಯಿತು. ಮರುವರ್ಷ ತಯಾರಾದ ಒಂದು ಚಿತ್ರದಲ್ಲಿ ವಾಲ್ಟ್ ಡಿಸ್ನಿಯು ಅಲ್ಲಿ ಎಪ್ಕಾಟ್ ಎಂಬ ಹೆಸರಿನ ಆದರ್ಶ ನಗರವೊಂದನ್ನು ಕಟ್ಟುವ ಯೋಜನೆಯನ್ನು ವಿವರಿಸಿದನು. ಸಾವಿರಾರು ಜನ ವಾಸಿಸುವ, ಕಾರ್ಖಾನೆಗಳುಳ್ಳ, ಮೋಟಾರುಗಳ ಗದ್ದಲವಿಲ್ಲದ ನಗರ ಅದಾಗಬೇಕಾಗಿತ್ತು. 1966ರ ಡಿಸೆಂಬರಿನಲ್ಲಿ ಆತ ನಿಧನನಾದನು. 1967ರಲ್ಲಿ ಫ್ಲೋರಿಡಾ ಶಾಸನಸಭೆಯು ಸಂಸ್ಥೆಯ ಭೂಮಿಗಾಗಿ ರೀಡಿ ಕ್ರೀಕ್ ಎಂಬ ವಿಶೇಷ ಆಡಳಿತ ಜಿಲ್ಲೆಯನ್ನು ರಚಿಸಿ, ರಸ್ತೆ, ಒಳಚರಂಡಿ, ಕಟ್ಟಡ ನಿಯಮ ಮುಂತಾದ ಅಧಿಕಾರಗಳನ್ನೆಲ್ಲ ಒಪ್ಪಿಸಿತು. ಅಧಿಕಾರ ಬಂದಿತು, ನಗರ ಬರಲಿಲ್ಲ. 1982ರ ಅಕ್ಟೋಬರ್ 1ರಂದು ಎಪ್ಕಾಟ್ ಹೆಸರಿನಲ್ಲಿ ತೆರೆದುದು ಇನ್ನೊಂದು ವಿನೋದೋದ್ಯಾನ.

ಮೂರನೆಯದು ಪ್ರತಿಸ್ಪರ್ಧಿಗೆ ತಡೆ. ಯೂನಿವರ್ಸಲ್ ಸಂಸ್ಥೆಯು 1980ರ ದಶಕದ ಆರಂಭದಲ್ಲೇ ಫ್ಲೋರಿಡಾದ ಓರ್ಲಾಂಡೊ ನಗರದಲ್ಲಿ ಚಲನಚಿತ್ರ ವಿಷಯದ ಉದ್ಯಾನವೊಂದನ್ನು ಸ್ಥಾಪಿಸಲು ಜಾಗ ಮಾಡಿಕೊಂಡು ಪಾಲುದಾರರನ್ನು ಹುಡುಕುತ್ತಿತ್ತು. 1985ರಲ್ಲಿ ಡಿಸ್ನಿ ಸಂಸ್ಥೆಯು ಅದೇ ಬಗೆಯ ತನ್ನ ಯೋಜನೆಯನ್ನು ಪ್ರಕಟಿಸಿತು. 1989ರ ಮೇ ತಿಂಗಳಲ್ಲಿ ತೆರೆದೂಬಿಟ್ಟಿತು. ಯೂನಿವರ್ಸಲ್ಲಿನದು ತೆರೆದುದು 1990ರ ಜೂನಿನಲ್ಲಿ. ಸ್ಪರ್ಧಿಯ ಸಾಲಗಾರನ, ಪಾಲುದಾರನ, ಗಿರಾಕಿಯ ಮನಸ್ಸಿನಲ್ಲಿ ಸಂದೇಹ ಹುಟ್ಟಿಸಲು ಒಂದು ಘೋಷಣೆ ಸಾಕಾಗುತ್ತದೆ.

ನಾಲ್ಕನೆಯದು ಷೇರುದಾರರ ಮತ್ತು ಸಂದರ್ಶಕರ ಸಮಾಧಾನ. ಸಂಸ್ಥೆ ಬೆಳೆಯುತ್ತಿದೆಯೆಂದು ಷೇರುಪೇಟೆಗೆ ತೋರಿಸಬೇಕು. ವಾರ್ಷಿಕ ಪಾಸು ಕೊಂಡವನಿಗೆ ಮುಂದಿನ ವರ್ಷವೂ ಕೊಳ್ಳಲು ಕಾರಣ ಬೇಕು. ಹಳೆಯ ಪ್ರೀತಿಯ ಸವಾರಿಯೊಂದನ್ನು ಕಿತ್ತುಹಾಕುವಾಗ ಅದರ ಜಾಗದಲ್ಲಿ ಬರುವ ಹೊಸದರ ಚಿತ್ರವನ್ನು ತೋರಿಸಿದರೆ ಅಸಮಾಧಾನ ಅರ್ಧಕ್ಕರ್ಧ ಶಮನವಾಗುತ್ತದೆ.

ವಿಳಂಬಕ್ಕೆ ಕಾರಣಗಳು

ಇನ್ನು ವಿಳಂಬದ ಕಡೆಗೆ ತಿರುಗಬಹುದು. ಚಿತ್ರಕಾರನ ಕುಂಚಕ್ಕೆ ಗುರುತ್ವಾಕರ್ಷಣೆಯ ತೊಡಕಿಲ್ಲ, ಎಂಜಿನಿಯರನಿಗೆ ಇದೆ. ಕತ್ತಲೆಯೊಳಗೆ ಬಾಹ್ಯಾಕಾಶ ಪ್ರಯಾಣದ ಅನುಭವ ನೀಡುವ 'ಸ್ಪೇಸ್ ಮೌಂಟನ್' ಎಂಬ ಸವಾರಿಯ ಕಲ್ಪನೆ ಹುಟ್ಟಿದ್ದು 1960ರ ದಶಕದ ಮಧ್ಯದಲ್ಲಿ. ಆದರೆ ಒಂದರ ಹಿಂದೊಂದು ಓಡುವ ಬಂಡಿಗಳು ಕತ್ತಲೆಯಲ್ಲಿ ಡಿಕ್ಕಿ ಹೊಡೆಯದಂತೆ ನಿಯಂತ್ರಿಸಬಲ್ಲ ಕಂಪ್ಯೂಟರ್ ವ್ಯವಸ್ಥೆ ಆಗ ಸಿದ್ಧವಿರಲಿಲ್ಲ, ಹಣವೂ ಇರಲಿಲ್ಲ. ಮುಂದೆ ಆರ್.ಸಿ.ಎ. ಸಂಸ್ಥೆಯು 1 ಕೋಟಿ ಡಾಲರ್ ಕೊಡಲು ಮುಂದೆ ಬಂದಮೇಲೆ 1975ರಲ್ಲಿ ಫ್ಲೋರಿಡಾದಲ್ಲಿ ಅದು ಆರಂಭವಾಯಿತು. ಅವಸರಪಟ್ಟರೆ ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. ಯೂನಿವರ್ಸಲ್ ಉದ್ಯಾನವು 1990ರಲ್ಲಿ ತೆರೆದಾಗ, ಯಾಂತ್ರಿಕ ಶಾರ್ಕ್ ಮೀನು ದೋಣಿಯನ್ನು ಅಟ್ಟಿಬರುವ 'ಜಾಸ್' ಸವಾರಿ ಮೇಲಿಂದ ಮೇಲೆ ಕೆಟ್ಟುನಿಂತಿತು. ಕೊನೆಗೆ ಅದನ್ನು ಮುಚ್ಚಿ, ಹೊಸದಾಗಿ ರೂಪಿಸಿ, 1993ರಲ್ಲಿ ಮತ್ತೆ ತೆರೆಯಬೇಕಾಯಿತು. ಪ್ರಾಣಾಪಾಯದ ಸಂಭವವಿರುವ ಯಂತ್ರಗಳ ವಿಷಯದಲ್ಲಿ ತಡವಾಗುವುದು ಅನೇಕ ವೇಳೆ ವಿವೇಕವೇ.

ಎರಡನೆಯ ಕಾರಣ ಕೈಗಳ ಕೊರತೆ. ಅನಹೈಮಿನ ಭೂತಬಂಗಲೆ ಖಾಲಿ ನಿಂತುದಕ್ಕೆ ಮುಖ್ಯ ಕಾರಣ 1964-65ರ ನ್ಯೂಯಾರ್ಕ್ ವಿಶ್ವಪ್ರದರ್ಶನ. ಫೋರ್ಡ್, ಜನರಲ್ ಎಲೆಕ್ಟ್ರಿಕ್, ಪೆಪ್ಸಿ ಸಂಸ್ಥೆಗಳಿಗೂ ಇಲಿನಾಯ್ ರಾಜ್ಯಕ್ಕೂ ಪ್ರದರ್ಶನಗಳನ್ನು ತಯಾರಿಸಿಕೊಡಲು ಡಿಸ್ನಿ ಒಪ್ಪಿಕೊಂಡಿದ್ದನು. ಪರರ ಹಣ, ಕಟ್ಟುನಿಟ್ಟಾದ ಗಡುವು. ಸ್ವಂತ ಬಂಗಲೆಯ ಕೆಲಸವನ್ನು ಬದಿಗಿಟ್ಟು ಕುಶಲಕರ್ಮಿಗಳೆಲ್ಲ ಅತ್ತ ಹೋದರು. ದರ್ಜಿಯ ಮಗನ ಅಂಗಿಯೇ ಹಬ್ಬಕ್ಕೆ ಹೊಲಿದಾಗದಿರುವಂತೆ ಇದು.

ಮೂರನೆಯ ಕಾರಣ ಪ್ರಾಯೋಜಕರ ಅಭಾವ. ಎಪ್ಕಾಟಿನಲ್ಲಿ ಬೇರೆ ಬೇರೆ ದೇಶಗಳ ಸಂಸ್ಕೃತಿಯನ್ನು ತೋರಿಸುವ ಮಂಟಪಗಳಿವೆ. ಆಯಾ ದೇಶದ ಸರಕಾರವೋ ವಾಣಿಜ್ಯ ಸಂಸ್ಥೆಗಳೋ ವೆಚ್ಚದ ಭಾರ ಹೊರಬೇಕೆಂಬುದು ಸಂಸ್ಥೆಯ ಲೆಕ್ಕಾಚಾರವಾಗಿತ್ತು. 1982ರಲ್ಲಿ ಉದ್ಯಾನ ತೆರೆದಾಗ ಸಮಭಾಜಕ ವೃತ್ತದ ಆಫ್ರಿಕ, ಸ್ಪೇನ್ ಮತ್ತು ಇಸ್ರೇಲ್ ಮಂಟಪಗಳೂ ಬರುವುವೆಂದು ಸಾರಲಾಗಿತ್ತು. ಆಫ್ರಿಕ ಮಂಟಪವನ್ನು ಪರಿಚಯಿಸಲು ದೂರದರ್ಶನದಲ್ಲಿ ಪ್ರಸಿದ್ಧ ಲೇಖಕ ಅಲೆಕ್ಸ್ ಹೇಲಿಯನ್ನೇ ಕರೆಸಲಾಗಿತ್ತು. ಮೂರೂ ಮಂಟಪಗಳು ಕಟ್ಟಲ್ಪಡಲಿಲ್ಲ. ಮೊರಾಕೊ 1984ರಲ್ಲಿ, ನಾರ್ವೆ 1988ರಲ್ಲಿ ಬಂದುವು. ಅವುಗಳ ಹಿಂದೆ ಹಣ ಕೊಡುವ ಕೈಗಳಿದ್ದುವು.

ನಾಲ್ಕನೆಯದು ಜನಾಭಿಪ್ರಾಯ, ಕಾಯಿದೆ ಮತ್ತು ತೆರಿಗೆ. 1993ರ ನವೆಂಬರಿನಲ್ಲಿ ಡಿಸ್ನಿ ಸಂಸ್ಥೆಯು ವರ್ಜೀನಿಯಾ ರಾಜ್ಯದ ಹೇಮಾರ್ಕೆಟ್ ಎಂಬಲ್ಲಿ ಅಮೆರಿಕದ ಇತಿಹಾಸವನ್ನು ವಿಷಯವಾಗುಳ್ಳ ಉದ್ಯಾನವನ್ನು ಘೋಷಿಸಿತು. ರಾಜ್ಯವು ನೆರವಿನ ಮಸೂದೆಯನ್ನೂ ಅಂಗೀಕರಿಸಿತು. ಆದರೆ ಅಂತರ್ಯುದ್ಧದ ರಣಭೂಮಿಯ ಸಮೀಪದಲ್ಲಿ ಮೋಜಿನ ತಾಣ ಸಲ್ಲದೆಂದು ಇತಿಹಾಸಕಾರರೂ ಸ್ಥಳೀಕರೂ ಪ್ರತಿಭಟಿಸಿದರು. 1994ರ ಸೆಪ್ಟೆಂಬರಿನಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ಭಾರತದಲ್ಲಿ ಇದಕ್ಕೆ ಬೇರೊಂದು ಬಗೆಯ ಉದಾಹರಣೆ ದೊರೆಯುತ್ತದೆ. ಬೆಂಗಳೂರಿನ ಸಮೀಪ ಬಿಡದಿಯಲ್ಲಿ 2005ರಲ್ಲಿ ಉದ್ಯಾನ ತೆರೆದ ವಂಡರ್‌ಲಾ ಸಂಸ್ಥೆಯು 2014ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿ ಹಣ ಸಂಗ್ರಹಿಸಿತು. ಆ ಹಣದ ಮುಖ್ಯ ಉದ್ದೇಶವಾದ ಹೈದರಾಬಾದಿನ ಉದ್ಯಾನವನ್ನು 2016ರಲ್ಲಿ ತೆರೆಯಿತು. ಚೆನ್ನೈಯ ಯೋಜನೆಯೂ ಹೆಚ್ಚುಕಡಿಮೆ ಅದೇ ಕಾಲದ್ದು. ಆದರೆ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಮೇಲೂ ಸ್ಥಳೀಯ ಸಂಸ್ಥೆಗಳ ಮನೋರಂಜನಾ ತೆರಿಗೆಯ ಪ್ರಶ್ನೆ ತಮಿಳುನಾಡಿನಲ್ಲಿ ಉಳಿದುಕೊಂಡಿತು. ಒಂದೇ ಟಿಕೇಟಿನ ಮೇಲೆ ಎರಡು ತೆರಿಗೆ ಬಿದ್ದರೆ ಲೆಕ್ಕ ಸರಿಹೋಗದೆಂದು ಸಂಸ್ಥೆ ಕಾದು ಕುಳಿತಿತು. ರಾಜ್ಯ ಸರಕಾರದಿಂದ ವಿನಾಯಿತಿಯ ಭರವಸೆ ದೊರೆತಮೇಲೆ ಕಾಮಗಾರಿ ಮುಂದುವರಿದು, 2025ರ ಡಿಸೆಂಬರಿನಲ್ಲಿ ಉದ್ಯಾನ ತೆರೆಯಿತು. ಹೈದರಾಬಾದಿನ ಮಕ್ಕಳಿಗೆ ಎರಡು ವರ್ಷಗಳಲ್ಲಿ ದೊರೆತುದು ಚೆನ್ನೈಯ ಮಕ್ಕಳಿಗೆ ಸುಮಾರು ಒಂದು ದಶಕದ ನಂತರ ದೊರೆಯಿತು.

ಐದನೆಯದು ಲೋಕದ ವಿಪತ್ತು. ಮೇಲಿನ ಕಾರಣಗಳಾವುವೂ ಇಲ್ಲದಿದ್ದರೂ ಕಾಲ ಕೆಡಬಹುದು. 1990ರಲ್ಲಿ ಡಿಸ್ನಿಯ ಅಧ್ಯಕ್ಷ ಮೈಕೆಲ್ ಐಸ್ನರ್ ಮುಂದಿನ ಹತ್ತು ವರ್ಷಗಳನ್ನು 'ಡಿಸ್ನಿ ದಶಕ'ವೆಂದು ಸಾರಿ, ಹೊಸ ಉದ್ಯಾನ, ಹೋಟೆಲು, ಸವಾರಿಗಳ ದೊಡ್ಡ ಪಟ್ಟಿಯನ್ನೇ ಮುಂದಿಟ್ಟನು. 1992ರ ಏಪ್ರಿಲಿನಲ್ಲಿ ಪ್ಯಾರಿಸಿನ ಬಳಿ ತೆರೆದ ಯೂರೋ ಡಿಸ್ನಿ ಸಾಲದ ಬಡ್ಡಿಯನ್ನೇ ತೀರಿಸಲಾರದಷ್ಟು ಕಷ್ಟಕ್ಕೆ ಸಿಕ್ಕಿದಾಗ ಆ ಪಟ್ಟಿಯ ಅನೇಕ ಬಾಬುಗಳು ಒಂದೊಂದಾಗಿ ಅಳಿಸಿಹೋದುವು. ದುಬೈಯಲ್ಲಿ 2003ರಲ್ಲಿ ಘೋಷಿತವಾದ ದುಬೈಲ್ಯಾಂಡ್ ಎಂಬ ಮಹಾಯೋಜನೆಯನ್ನು 2008ರ ಆರ್ಥಿಕ ಕುಸಿತ ನುಂಗಿತು. ಅಲ್ಲಿ ಬರಬೇಕಾಗಿದ್ದ ಯೂನಿವರ್ಸಲ್ ಉದ್ಯಾನದ ಹೆಬ್ಬಾಗಿಲು ಮಾತ್ರ ಮರಳುಗಾಡಿನಲ್ಲಿ ಬಹುಕಾಲ ಒಂಟಿಯಾಗಿ ನಿಂತಿತ್ತು. 2020ರ ಮಹಾಮಾರಿಯಲ್ಲಿ ಫ್ಲೋರಿಡಾದ ಡಿಸ್ನಿ ಉದ್ಯಾನಗಳು ಮಾರ್ಚಿಯಿಂದ ಜುಲೈವರೆಗೆ ಮುಚ್ಚಿದುವು. 2019ರಲ್ಲಿ ಎಪ್ಕಾಟಿಗೆ ಘೋಷಿಸಿದ್ದ ಮೇರಿ ಪಾಪಿನ್ಸ್ ಆಕರ್ಷಣೆಯನ್ನು ಆಗ ಮುಂದೂಡಲಾಯಿತು. 2017ರಲ್ಲಿ ಪ್ರಕಟಿಸಿದ್ದ 'ಟ್ರಾನ್' ಸವಾರಿ ಆರಂಭವಾದುದು 2023ರ ಏಪ್ರಿಲಿನಲ್ಲಿ.

ತಡೆಯುವುದರಲ್ಲಿಯೂ ಲಾಭ

ಇಷ್ಟು ಕಾರಣಗಳೂ ಹೊರಗಿನವು. ಬಾಹ್ಯ ತೊಡಕೇನೂ ಇಲ್ಲದಾಗಲೂ ಸಂಸ್ಥೆಗಳು ತಾವಾಗಿಯೇ ತಡೆಯುವುದುಂಟು. ಇದಕ್ಕೆ ಒಂದು ಸರಳ ಲೆಕ್ಕವಿದೆ.

ಉದಾಹರಣೆಗಾಗಿ, ಒಂದು ಆಕರ್ಷಣೆಗೆ 100 ಕೋಟಿ ರೂಪಾಯಿ ವೆಚ್ಚವೆಂದೂ ಬಡ್ಡಿ ಶೇಕಡಾ 10 ಎಂದೂ ಇಟ್ಟುಕೊಳ್ಳಬಹುದು. ಒಂದು ವರ್ಷ ತಡೆದರೆ 10 ಕೋಟಿ ಬಡ್ಡಿ ಉಳಿಯಿತು. ಅಷ್ಟರಲ್ಲಿ ಕೂಲಿ ಮತ್ತು ಸಾಮಗ್ರಿಗಳ ಬೆಲೆ ಶೇಕಡಾ 5 ಏರಿದರೆ 5 ಕೋಟಿ ಹೆಚ್ಚು ತೆರಬೇಕಾಯಿತು. ನಿವ್ವಳ ಉಳಿತಾಯ 5 ಕೋಟಿ. ಈಗ ಆ ಆಕರ್ಷಣೆಯಿಂದ ವರ್ಷಕ್ಕೆ 12 ಕೋಟಿ ಹೆಚ್ಚುವರಿ ನಿವ್ವಳ ವರಮಾನ ಬರುವಂತಿದ್ದರೆ, ತಡೆದುದರಿಂದ 7 ಕೋಟಿ ನಷ್ಟ. ಇಂದೇ ಗುದ್ದಲಿ ಹಾಕುವುದು ಲೇಸು. ಹೆಚ್ಚುವರಿ ವರಮಾನ 3 ಕೋಟಿ ಮಾತ್ರವಾದರೆ, ತಡೆದುದರಿಂದಲೇ 2 ಕೋಟಿ ಲಾಭ.

ಇಲ್ಲಿ 'ಹೆಚ್ಚುವರಿ' ಎಂಬ ಪದವನ್ನು ವಿಶೇಷವಾಗಿ ಗಮನಿಸಬೇಕು. ಹೊಸ ಸವಾರಿಯ ಮುಂದೆ ಎಷ್ಟು ಉದ್ದದ ಸಾಲು ನಿಲ್ಲುತ್ತದೆಂಬುದು ಪ್ರಶ್ನೆಯಲ್ಲ; ಅದಿಲ್ಲದಿದ್ದರೆ ಬರುತ್ತಲೇ ಇರಲಿಲ್ಲವೆನ್ನುವಂಥ ಜನ ಎಷ್ಟೆಂಬುದೇ ಪ್ರಶ್ನೆ. ಉದ್ಯಾನ ಹೇಗಿದ್ದರೂ ತುಂಬಿ ತುಳುಕುತ್ತಿದ್ದರೆ ಹೊಸ ಆಕರ್ಷಣೆ ತರುವ ಹೆಚ್ಚುವರಿ ಹಣ ಕಡಿಮೆ. ಆದುದರಿಂದ ವಿಚಿತ್ರವೆನಿಸಿದರೂ ಸತ್ಯವಾದ ಮಾತೊಂದುಂಟು: ವ್ಯಾಪಾರ ಕೆಟ್ಟಾಗ ಹಣವಿಲ್ಲವೆಂದು ತಡವಾಗುತ್ತದೆ, ವ್ಯಾಪಾರ ಬಹಳ ಚೆನ್ನಾಗಿದ್ದಾಗ ಅಗತ್ಯವಿಲ್ಲವೆಂದು ತಡವಾಗುತ್ತದೆ. ಬೇಗ ಕಟ್ಟುವುದು ಹೆಚ್ಚಾಗಿ ಪಕ್ಕದಲ್ಲಿ ಸ್ಪರ್ಧಿಯೊಬ್ಬ ಕಟ್ಟುತ್ತಿರುವಾಗ.

ನಾಲ್ಕು ಆಕರ್ಷಣೆಗಳು ಸಿದ್ಧವಾಗಿದ್ದರೂ ಒಂದೇ ವರ್ಷ ತೆರೆಯುವುದು ಜಾಣತನವಲ್ಲ. ವರ್ಷಕ್ಕೊಂದರಂತೆ ತೆರೆದರೆ ನಾಲ್ಕು ವರ್ಷ ಜಾಹೀರಾತಿಗೆ ವಸ್ತು ದೊರೆಯಿತು. ಸಂದರ್ಶಕ ನಾಲ್ಕು ಬಾರಿ ಬಂದನು. ಲೆಕ್ಕಪತ್ರದ ದೃಷ್ಟಿಯಿಂದಲೂ ಅನುಕೂಲವುಂಟು. ಆಕರ್ಷಣೆ ಬಳಕೆಗೆ ಬಂದ ದಿನದಿಂದ ಸವಕಳಿಯ ವೆಚ್ಚ ಲಾಭನಷ್ಟದ ಖಾತೆಗೆ ಬೀಳತೊಡಗುತ್ತದೆ. ಅರ್ಧ ಕಟ್ಟಿ ಬಿಟ್ಟರೆ ಆದ ಖರ್ಚನ್ನೆಲ್ಲ ನಷ್ಟವೆಂದು ಬರೆಯಬೇಕು. ಆದರೆ ಚಿತ್ರ ತೋರಿಸಿ ಬಿಟ್ಟ ಯೋಜನೆಯನ್ನು ಕೈಬಿಟ್ಟರೆ ಬರೆಯಬೇಕಾದ ನಷ್ಟ ನಗಣ್ಯ. ಘೋಷಣೆಯು ಸಂಸ್ಥೆಗೆ ಹಕ್ಕನ್ನು ಕಾಯ್ದಿರಿಸಿಕೊಡುತ್ತದೆ, ಬಾಧ್ಯತೆಯನ್ನು ಹೊರಿಸುವುದಿಲ್ಲ.

ಕಾಯಿದೆಯೂ ಇದಕ್ಕೆ ಹೆಚ್ಚು ಅಡ್ಡಿಯಾಗಿಲ್ಲ. ಭವಿಷ್ಯದ ಬಗೆಗೆ ಆಡಿದ ಮಾತುಗಳ ಜೊತೆಗೆ ತಕ್ಕ ಎಚ್ಚರಿಕೆಯ ಹೇಳಿಕೆಯನ್ನು ಸೇರಿಸಿದ್ದರೆ, ಆ ಮಾತು ಸುಳ್ಳಾದರೂ ಹೂಡಿಕೆದಾರರ ಮೊಕದ್ದಮೆಯಿಂದ ಸಂಸ್ಥೆಗಳಿಗೆ ಸಾಕಷ್ಟು ರಕ್ಷಣೆ ದೊರೆಯುವಂತೆ ಅಮೆರಿಕದಲ್ಲಿ 1995ರಲ್ಲಿ ಕಾನೂನು ಮಾಡಲಾಯಿತು. ಚಿತ್ರ ಪುಟದ ತುಂಬ ಇರುತ್ತದೆ. ಎಚ್ಚರಿಕೆ ಕೊನೆಯ ಸಾಲಿನ ಸಣ್ಣ ಅಕ್ಷರಗಳಲ್ಲಿರುತ್ತದೆ.

ನಷ್ಟ ಯಾರಿಗೆ?

ಸಂಸ್ಥೆಗೆ ನಷ್ಟವಿಲ್ಲವೆಂದಮಾತ್ರಕ್ಕೆ ಯಾರಿಗೂ ನಷ್ಟವಿಲ್ಲವೆಂದಾಗುವುದಿಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಸ್ವಾನ್ಸ್‌ಕೂಂಬ್ ಪ್ರದೇಶದ ವೃತ್ತಾಂತ ಇದಕ್ಕೆ ನಿದರ್ಶನ. ಥೇಮ್ಸ್ ನದಿಯ ದಡದ ಈ ಜಾಗದಲ್ಲಿ ಯೂರೋಪಿನಲ್ಲೇ ದೊಡ್ಡ ಉದ್ಯಾನಗಳಲ್ಲೊಂದನ್ನು ಕಟ್ಟುವುದಾಗಿ 2012ರಲ್ಲಿ ಘೋಷಿಸಲಾಯಿತು. 2014ರಲ್ಲಿ ಸರಕಾರವು ಅದನ್ನು ರಾಷ್ಟ್ರೀಯ ಮಹತ್ವದ ಯೋಜನೆಯೆಂದು ಪರಿಗಣಿಸಿತು. ತೆರೆಯುವ ವರ್ಷ ಮಾತ್ರ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಅಪರೂಪದ ಒಂದು ಜಾತಿಯ ಜೇಡವೂ ಸೇರಿದಂತೆ ಅನೇಕ ಜೀವಿಗಳ ನೆಲೆಯಾದ ಆ ಭೂಮಿಗೆ 2021ರಲ್ಲಿ ವಿಶೇಷ ಸಂರಕ್ಷಣೆ ದೊರೆಯಿತು. 2022ರಲ್ಲಿ ಅರ್ಜಿಯನ್ನು ಹಿಂತೆಗೆದುಕೊಳ್ಳಲಾಯಿತು. 2025ರಲ್ಲಿ ನ್ಯಾಯಾಲಯದ ಆಜ್ಞೆಯಂತೆ ಆ ಸಂಸ್ಥೆಯನ್ನೇ ಮುಚ್ಚಲಾಯಿತು. ಒಂದು ಸವಾರಿಯೂ ಬರಲಿಲ್ಲ. ಆದರೆ ಆ ಇಡೀ ಅವಧಿಯಲ್ಲಿ ಅಲ್ಲಿನ ಸಣ್ಣ ಉದ್ದಿಮೆದಾರರು ತಮ್ಮ ಜಾಗ ಇಂದು ಹೋಗುವುದೋ ನಾಳೆ ಹೋಗುವುದೋ ಎಂಬ ಶಂಕೆಯಲ್ಲಿ ದಿನ ಕಳೆದರು. ಎತ್ತಂಗಡಿಯ ಭಯವಿರುವವನು ಹೊಸ ಯಂತ್ರ ಕೊಳ್ಳುವುದಿಲ್ಲ, ಹೊಸ ಕೆಲಸಗಾರರನ್ನು ನೇಮಿಸುವುದಿಲ್ಲ. ಸಾಲ ಕೊಡುವವನೂ ಹಿಂಜರಿಯುತ್ತಾನೆ. ಈ ನಷ್ಟ ಯಾವ ಆಢಾವೆ ಪತ್ರಿಕೆಯಲ್ಲಿಯೂ ಕಾಣಿಸುವುದಿಲ್ಲ.

ಸಣ್ಣ ಹೂಡಿಕೆದಾರನ ಗತಿಯೂ ಹೀಗೆಯೇ. ಯೂರೋ ಡಿಸ್ನಿಯ ಷೇರುಗಳನ್ನು 1989ರಲ್ಲಿ ತಲಾ 72 ಫ್ರಾಂಕಿಗೆ ಮಾರಿದಾಗ, 1990ರ ದಶಕದ ಮಧ್ಯದಲ್ಲೇ ಎರಡನೆಯ ಉದ್ಯಾನವೂ ಬರುವುದೆಂಬ ಲೆಕ್ಕಾಚಾರವನ್ನು ಮುಂದಿಡಲಾಗಿತ್ತು. ಅದು ತೆರೆದುದು 2002ರಲ್ಲಿ. ಅಷ್ಟರೊಳಗೆ ಷೇರಿನ ಬೆಲೆ ನೆಲಕಚ್ಚಿತ್ತು. ಇನ್ನು, ವರ್ಷಗಳ ಕಾಲ ಕೂಡಿಟ್ಟ ಹಣದಲ್ಲಿ ಮಕ್ಕಳನ್ನು ಕರೆದುಕೊಂಡು ದೂರದೇಶಕ್ಕೆ ಹೋಗುವ ತಂದೆತಾಯಿಗಳಿಗೆ ಎರಡನೆಯ ಅವಕಾಶವಿರುವುದು ಅಪರೂಪ. ಸಂಸ್ಥೆಗೆ ಎರಡು ವರ್ಷದ ತಡ ಒಂದು ಅಂಕಣದಿಂದ ಇನ್ನೊಂದು ಅಂಕಣಕ್ಕೆ ಸರಿಯುವ ಅಂಕಿ. ಮಗುವಿನ ಬಾಲ್ಯಕ್ಕೆ ಮುಂದೂಡಿಕೆಯಿಲ್ಲ.

ನಂಬುವ ಮೊದಲು

ಬ್ಯಾಂಕುಗಳಲ್ಲಿ ಸಾಲದ ಮಂಜೂರಾತಿ ಬೇರೆ, ಹಣದ ಬಟವಾಡೆ ಬೇರೆ. ಮಂಜೂರಾತಿ ಪತ್ರವನ್ನು ತೋರಿಸಿ ಮನೆಯ ಗೃಹಪ್ರವೇಶಕ್ಕೆ ಮುಹೂರ್ತವಿಡುವವನನ್ನು ಯಾರೂ ವಿವೇಕಿಯೆನ್ನುವುದಿಲ್ಲ. ಉದ್ಯಾನಗಳ ಘೋಷಣೆಗಳಿಗೂ ಇದೇ ಒರೆಗಲ್ಲನ್ನು ಹಿಡಿಯಬಹುದು.

ತೆರೆಯುವ ವರ್ಷವನ್ನು ಹೇಳಿದ್ದಾರೆಯೆ, ಅಥವಾ 'ಮುಂಬರುವ ವರ್ಷಗಳಲ್ಲಿ' ಎಂದು ತೇಲಿಸಿದ್ದಾರೆಯೆ? ಭೂಮಿ ಸಂಸ್ಥೆಯ ಕೈಯಲ್ಲಿದೆಯೆ? ಕಟ್ಟಡದ ಪರವಾನಗಿಗೆ ಅರ್ಜಿ ಸಲ್ಲಿಸಲಾಗಿದೆಯೆ? ಹಣ ಸಂಸ್ಥೆಯದೇ, ಅಥವಾ ಇನ್ನೂ ಗೊತ್ತಾಗದ ಪ್ರಾಯೋಜಕನದೇ? ಗುತ್ತಿಗೆದಾರನನ್ನು ನೇಮಿಸಲಾಗಿದೆಯೆ? ಎಲ್ಲಕ್ಕಿಂತ ಮಿಗಿಲಾಗಿ, ಹಣ ಗಳಿಸುತ್ತಿರುವ ಹಳೆಯದೊಂದನ್ನು ಮುಚ್ಚಿ ಅಗೆಯಲಾರಂಭಿಸಿದ್ದಾರೆಯೆ? ಈ ಕೊನೆಯದೇ ಅತ್ಯಂತ ಬಲವಾದ ಸಾಕ್ಷಿ. ಏಕೆಂದರೆ ಬರುವ ವರಮಾನವನ್ನು ಕಳೆದುಕೊಂಡಮೇಲೆ ಹಿಂದೆಗೆಯುವುದು ಸಂಸ್ಥೆಗೂ ಕಷ್ಟ. ಎಪ್ಕಾಟಿನ ಆಫ್ರಿಕ ಮಂಟಪ ಈ ಪರೀಕ್ಷೆಯಲ್ಲಿ ಆರಂಭದಲ್ಲೇ ಸೋಲುತ್ತಿತ್ತು.

ನಂಬಿಕೆಯೂ ಒಂದು ಬಗೆಯ ಬಂಡವಾಳವೆಂಬುದನ್ನು ಸಂಸ್ಥೆಗಳೂ ನಿಧಾನವಾಗಿ ಅರಿಯುತ್ತಿರುವಂತೆ ತೋರುತ್ತದೆ. 2022ರಲ್ಲಿ ಡಿಸ್ನಿ ಸಂಸ್ಥೆಯು ಇನ್ನೂ ನಿಶ್ಚಯವಾಗದ ಕೇವಲ ಕಲ್ಪನೆಗಳನ್ನು ಜನರ ಮುಂದಿಟ್ಟು ಅಭಿಮಾನಿಗಳ ಟೀಕೆಗೆ ಗುರಿಯಾಯಿತು. 2024ರ ಆಗಸ್ಟಿನ ಸಮಾವೇಶದಲ್ಲಿ, ತಾನು ತೋರಿಸುತ್ತಿರುವುದೆಲ್ಲ ನಿಜವಾಗಿಯೂ ಕಾರ್ಯಗತವಾಗುತ್ತಿರುವ ಯೋಜನೆಗಳೆಂದು ಅದು ಒತ್ತಿ ಹೇಳಬೇಕಾಯಿತು. ಘೋಷಣೆಗಳು ಅಗ್ಗವಾದಷ್ಟೂ ಅವುಗಳ ಬೆಲೆ ಇಳಿಯುತ್ತದೆ; ಹಣದುಬ್ಬರದ ಸೂತ್ರ ಮಾತಿಗೂ ಅನ್ವಯಿಸುತ್ತದೆ.

ಆದರೆ ಎಲ್ಲ ವಿಳಂಬವೂ ವಂಚನೆಯಲ್ಲ. ಯೂನಿವರ್ಸಲ್ ಸಂಸ್ಥೆಯು 2019ರಲ್ಲಿ ಓರ್ಲಾಂಡೊ ನಗರಕ್ಕೆ ಎಪಿಕ್ ಯೂನಿವರ್ಸ್ ಎಂಬ ಉದ್ಯಾನವನ್ನು ಘೋಷಿಸಿ, 2020ರಲ್ಲಿ ಕೆಲಸ ನಿಲ್ಲಿಸಿ, 2021ರಲ್ಲಿ ಪುನಃ ಆರಂಭಿಸಿ, 2025ರ ಮೇ 22ರಂದು ತೆರೆಯಿತು. ನಿಂತ ಕೆಲಸ ಮುಗಿಯಿತು. ಅನಹೈಮಿನ ಭೂತಬಂಗಲೆಯ ಆರು ವರ್ಷಗಳೂ ವ್ಯರ್ಥವಾಗಲಿಲ್ಲ. ಮೊದಲಿನ ಯೋಚನೆಯಂತೆ ಜನರನ್ನು ಗುಂಪುಗುಂಪಾಗಿ ನಡೆಸಿಕೊಂಡು ಹೋಗಿದ್ದರೆ ಕೆಲವರು ಮಾತ್ರ ನೋಡಬಹುದಾಗಿತ್ತು. ವಿಶ್ವಪ್ರದರ್ಶನಕ್ಕಾಗಿ ದುಡಿದು ಕಲಿತ ಯಾಂತ್ರಿಕ ಬೊಂಬೆಗಳ ವಿದ್ಯೆಯೂ, 1967ರಲ್ಲಿ ಬಳಕೆಗೆ ಬಂದ ನಿಲ್ಲದೆ ಸಾಗುವ ಸರಪಳಿಯ ಆಸನಗಳೂ ಸೇರಿ ಬಂಗಲೆಯ ರೂಪವೇ ಬದಲಾಯಿತು. ತೆರೆದ ಒಂದು ವಾರದಲ್ಲೇ ಒಂದು ದಿನ 82,000ಕ್ಕೂ ಮಿಕ್ಕಿದ ಜನ ಉದ್ಯಾನಕ್ಕೆ ಬಂದರು. ಬಂಗಲೆ ಇಂದಿಗೂ ನಡೆಯುತ್ತಿದೆ.

ಕುಲಾವಿಯನ್ನು ಮೊದಲು ಹೊಲಿಸಿದುದೇ ತಪ್ಪೆನ್ನುವಂತಿಲ್ಲ. ಒಳಗೆ ತೊಟ್ಟಿಲನ್ನು ಸಿದ್ಧಪಡಿಸುತ್ತಿದ್ದಾರೆಯೇ, ಅಥವಾ ಕುಲಾವಿಯನ್ನೇ ತೋರಿಸಿ ಉಡುಗೊರೆಗಳನ್ನು ಸಂಗ್ರಹಿಸುತ್ತಿದ್ದಾರೆಯೇ ಎಂಬುದನ್ನು ನೋಡುವುದು ಮಾತ್ರ, ಉಡುಗೊರೆ ಕೊಡುವವರ ಕರ್ತವ್ಯ.